ಗೂಡಲೂರಿನಲ್ಲಿ ಆರಿದ್ದ ಸರ್ವರ್

ಆ ಮುದುಕರಿಗೆ ನಂಬರು ಇರಲಿಲ್ಲ. ಆಧಾರ್ ಎಲ್ಲರ ಬಳಿಯೂ ಇತ್ತು, ಆದರೆ ಆ ನಂಬರನ್ನು ಬರೆದಿಟ್ಟುಕೊಳ್ಳಲು ಟ್ರಸ್ಟಿಗೆ ಅನುಮತಿ ಇರಲಿಲ್ಲ. ಫೋನು ಮನೆಗೊಂದು, ಅದೂ ಮಗನ ಜೇಬಿನಲ್ಲಿ. ಹುಟ್ಟಿದ ತಾರೀಕು ಕೇಳಿದರೆ ಮುಕ್ಕಾಲು ಪಾಲು ಜನ ಜನವರಿ ಒಂದು ಎನ್ನುತ್ತಿದ್ದರು, ಯಾಕೆಂದರೆ ಎಂದೋ ಕಾರ್ಡು ಬರೆದ ಗುಮಾಸ್ತ ಎಲ್ಲರಿಗೂ ಅದನ್ನೇ ಬರೆದಿದ್ದ. ಹಾಗಾಗಿ ಕಣ್ಣು ಪರೀಕ್ಷೆಯ ಡೇಟಾಬೇಸ್ ಕಟ್ಟಲು ಕೂತಾಗ ನಿವೇತಾ ಅವರನ್ನು ಹೆಸರಿನಿಂದಲೇ ಗುರುತಿಸಬೇಕಾಯಿತು. ಮೊದಲು ಹಟ್ಟಿಯ ಹೆಸರು, ಆಮೇಲೆ ಆಳಿನ ಹೆಸರು, ಆಮೇಲೆ ಅಪ್ಪನ ಹೆಸರು. ಮೂರೂ ಸೇರಿದರೆ ಒಬ್ಬ ಮನುಷ್ಯ ಎಂದು ಅವಳು ತೀರ್ಮಾನಿಸಿದಳು. ಡೇಟಾಬೇಸಿನ ಭಾಷೆಯಲ್ಲಿ ಅದಕ್ಕೆ ಕೀ ಎನ್ನುತ್ತಾರೆ. ಕೋಯಮತ್ತೂರಿನ ಕಾಲೇಜಿನಲ್ಲಿ ತನ್ನ ಜೊತೆ ಓದಿದ ಅರವತ್ತು ಜನರ ಹೆಸರು ಹಾಕಿ ಪರೀಕ್ಷಿಸಿಯೂ ನೋಡಿದಳು. ಅರವತ್ತಕ್ಕೆ ಅರವತ್ತೂ ಬಂದವು. ಸರಿ ಎಂದುಕೊಂಡಳು.

ಟ್ರಸ್ಟಿನ ಕಚೇರಿ ಇದ್ದದ್ದು ಉದಕಮಂಡಲದಲ್ಲಿ. ಬೆಟ್ಟದ ಹಟ್ಟಿಗಳಲ್ಲಿ ಅರವತ್ತು ದಾಟಿದವರ ಕಣ್ಣು ನೋಡುವುದು, ಪೊರೆ ಬಂದವರ ಪಟ್ಟಿ ಮಾಡಿ ಕೋಯಮತ್ತೂರಿನ ಆಸ್ಪತ್ರೆಗೆ ಕಳಿಸುವುದು, ಆಸ್ಪತ್ರೆಯವರು ಬಸ್ಸು ಕಳಿಸಿದಾಗ ಜನರನ್ನು ಹತ್ತಿಸುವುದು ಅದರ ಕೆಲಸ. ಜೂನ್ ತಿಂಗಳಿಡೀ ಹನ್ನೊಂದು ಜನ ಕಾರ್ಯಕರ್ತರು ಟಾರ್ಚು, ಅಕ್ಷರದ ಬೋರ್ಡು, ಫೋನು ಹಿಡಿದು ಅರವತ್ತೆರಡು ಹಟ್ಟಿಗಳನ್ನು ಮನೆಮನೆ ಸುತ್ತಿದ್ದರು. ಮುದುಕರು ಹೊಲದಲ್ಲೋ ಚಹಾ ಎಲೆ ಕೀಳುವಲ್ಲೋ ಇರುವುದರಿಂದ ಒಂದೇ ಹಟ್ಟಿಗೆ ಐದಾರು ಸಲ ಹೋಗಬೇಕಾಗುತ್ತಿತ್ತು. ಫೋನಿನಲ್ಲಿ ಬರೆದದ್ದು ಹತ್ತಿರದ ಸರ್ವರ್‌ಗೆ ಹೋಗುತ್ತಿತ್ತು. ಸರ್ವರ್‌ಗಳು ಮೂರು: ಉದಕಮಂಡಲದಲ್ಲಿ ಒಂದು, ಕೋತಗಿರಿಯಲ್ಲಿ ಒಂದು, ಗೂಡಲೂರಿನಲ್ಲಿ ಒಂದು. ಮಳೆಗಾಲದಲ್ಲಿ ಯಾವ ತಂತಿ ಯಾವಾಗ ಬೀಳುತ್ತದೆ ಎಂದು ಹೇಳಲಾಗುವುದಿಲ್ಲವಾದ್ದರಿಂದ ಒಂದು ಸತ್ತರೂ ಇನ್ನೆರಡು ಕೆಲಸ ಮಾಡುವಂತೆ, ಒಂದಕ್ಕೆ ಬಂದದ್ದು ಉಳಿದೆರಡಕ್ಕೂ ಹೋಗಿ ಮೂರು ಪ್ರತಿ ಇರುವಂತೆ ನಿವೇತಾ ವ್ಯವಸ್ಥೆ ಮಾಡಿದ್ದಳು. ಈ ಭಾಗ ಚೆನ್ನಾಗಿಯೇ ನಡೆಯಿತು.

ಜುಲೈ ಕೊನೆಯ ಮಂಗಳವಾರ ಬೆಳಗ್ಗೆ ತಂಗಮಣಿ ಫೋನು ಮಾಡಿದಳು. ತಂಗಮಣಿ ಇತ್ತಲಾರಿನವಳು, ಐವತ್ತು ದಾಟಿದವಳು, ಟ್ರಸ್ಟಿನ ಕಾರ್ಯಕರ್ತೆಯರಲ್ಲೆಲ್ಲ ಹಳಬಳು. ನಿವೇತಾಳ ಹಟ್ಟಿಯೂ ಅದೇ. ಆಸ್ಪತ್ರೆಗೆ ಶುಕ್ರವಾರ ಕೊಡಬೇಕಾದ ಪಟ್ಟಿಯನ್ನು ನಿವೇತಾ ಹಿಂದಿನ ದಿನ ಎಲ್ಲ ಕಾರ್ಯಕರ್ತರಿಗೂ ಕಳಿಸಿದ್ದಳು. ಹನ್ನೊಂದು ಜನರಲ್ಲಿ ಅದನ್ನು ತೆರೆದು ಓದಿದವಳು ತಂಗಮಣಿ ಒಬ್ಬಳೇ.

"ಕೂಸು, ನಿನ್ನ ಲಿಸ್ಟಿನಲ್ಲಿ ಎಂಗ ಹಟ್ಟಿಗೆ ಒಬ್ಬನೇ ಹಿರಿಯ ಅವನೆ."

"ಹೌದಕ್ಕ. ಹಿರಿಯ, ಬೆಳ್ಳನ ಮಗ. ಎಡಗಣ್ಣು."

"ಅದು ದಾರ ಹಿರಿಯ? ಲಾರಿ ಹಿರಿಯನಾ, ಮೇಲ್ಮನೆ ಹಿರಿಯನಾ, ಕ್ಯಾರೆಟ್ ಹಿರಿಯನಾ, ಇಲ್ಲ ನಿಮ್ಮ ಕೀಳುಮನೆ ಹಿರಿಯನಾ?"

ನಿವೇತಾ ಪಟ್ಟಿಯಲ್ಲಿ ಇತ್ತಲಾರನ್ನು ಹುಡುಕಿದಳು. ಹಿರಿಯ ಅಲ್ಲಿ ಒಬ್ಬನೇ ಇದ್ದ.

"ನಾಲ್ಕು ಹಿರಿಯರ ಕಣ್ಣಿಗೆ ನಾ ಟಾರ್ಚು ಹಿಡಿದೆ. ನಾಲ್ವರ ಅಪ್ಪನೂ ಬೆಳ್ಳನೇ. ನೀ ಈ ಹಟ್ಟಿಯಲ್ಲಿ ಹುಟ್ಟಿದವಳಾ, ಇಲ್ಲ ಚೆನ್ನೈಯಿಂದ ಬಸ್ಸಿನಲ್ಲಿ ಬಂದವಳಾ?"

ಅಜ್ಜನ ಹೆಸರು ಮೊಮ್ಮಗನಿಗೆ. ಹಿರಿಯನ ಮಗ ಬೆಳ್ಳ, ಬೆಳ್ಳನ ಮಗ ಹಿರಿಯ, ಮತ್ತೆ ಅವನ ಮಗ ಬೆಳ್ಳ. ಒಂದೇ ಹಟ್ಟಿಯ ಹತ್ತು ಮನೆಯಲ್ಲೂ ಹೀಗೆಯೇ. ಇದು ನಿವೇತಾಳಿಗೆ ಗೊತ್ತಿಲ್ಲದ ವಿಷಯವಲ್ಲ. ಆದರೆ ಅವಳ ತಲೆಮಾರಿಗೆ ಬರುವಷ್ಟರಲ್ಲಿ ಈ ರೂಢಿ ನಿಂತು ಹೋಗಿ, ಮಕ್ಕಳಿಗೆ ಸಂತೋಷ್‌ಕುಮಾರ್, ತೇನ್ಮೊಳಿ, ನಿವೇತಾ ಎಂದೆಲ್ಲ ಇಡತೊಡಗಿದ್ದರು. ಅವಳು ಪರೀಕ್ಷೆಗೆ ಹಾಕಿದ್ದು ಆ ಹೆಸರುಗಳನ್ನು. ಹಟ್ಟಿಯಲ್ಲಿ ಮಾತಾಡುವಾಗ ಯಾರೂ ಬರೀ ಹಿರಿಯ ಎನ್ನುವುದಿಲ್ಲ, ಮೇಲ್ಮನೆ ಹಿರಿಯ ಎನ್ನುತ್ತಾರೆ. ಅವಳ ಟೇಬಲ್ಲಿನಲ್ಲಿ ಮೇಲ್ಮನೆಗೆ ಕಾಲಂ ಇರಲಿಲ್ಲ.

ಬೇರೆ ಬಗೆಯ ಡೇಟಾಬೇಸ್ ಆಗಿದ್ದರೆ ಒಂದೇ ಕೀಯ ಎರಡನೆಯ ಸಾಲು ಬಂದಾಗ ತಕರಾರು ತೆಗೆಯುತ್ತಿತ್ತು. ಇದು ತೆಗೆಯುವುದಿಲ್ಲ. ಮೂರು ಊರಿನಲ್ಲಿ ಹಂಚಿಕೊಂಡು ಕೂತ ಡೇಟಾಬೇಸಿಗೆ ಪ್ರತಿ ಸಲವೂ ಇನ್ನೊಂದು ಊರನ್ನು ಕೇಳುತ್ತ ಕೂರಲು ಪುರಸೊತ್ತಿಲ್ಲ. ಬಂದದ್ದನ್ನು ತೆಗೆದುಕೊಳ್ಳುತ್ತದೆ, ಆಯಿತು ಎನ್ನುತ್ತದೆ. ಕೀ ಒಂದೇ ಆಗಿದ್ದರೆ ಕೊನೆಗೆ ಬಂದದ್ದೇ ನಿಜ. ಮೊದಲ ಹಿರಿಯನ ಮೇಲೆ ಎರಡನೆಯ ಹಿರಿಯ ಕೂತ, ಅವನ ಮೇಲೆ ಮೂರನೆಯವನು, ಅವನ ಮೇಲೆ ನಾಲ್ಕನೆಯವನು. ನಾಲ್ಕು ಸಲವೂ ತಂಗಮಣಿಯ ಫೋನಿನಲ್ಲಿ ಹಸಿರು ಗುರುತು ಬಂದಿತ್ತು.

ನಿವೇತಾ ಎಣಿಸಲು ಕೂತಳು. ಎಣಿಸುವುದೂ ಇಲ್ಲಿ ಸುಲಭವಲ್ಲ. ಒಟ್ಟು ಎಷ್ಟು ಸಾಲು ಎಂದು ಕೇಳಿದರೆ ಸರ್ವರ್ ಇಡೀ ಮನೆ ತಡಕಾಡಿ ಅರ್ಧಕ್ಕೆ ಕೈಚೆಲ್ಲುತ್ತದೆ. ಅದಕ್ಕೇ ಅವಳು ಜೂನಿನಲ್ಲಿ ಒಮ್ಮೆಯೂ ಎಣಿಸಿರಲಿಲ್ಲ. ಹಟ್ಟಿಯ ಹೆಸರು ಹೇಳಿ ಕೇಳಿದರೆ ಮಾತ್ರ ತಟ್ಟನೆ ಉತ್ತರ ಕೊಡುತ್ತದೆ, ಯಾಕೆಂದರೆ ಟೇಬಲ್ಲನ್ನು ಹಟ್ಟಿಯ ಪ್ರಕಾರ ಜೋಡಿಸಿದ್ದು. ಅರವತ್ತೆರಡು ಹಟ್ಟಿಗೆ ಅರವತ್ತೆರಡು ಸಲ ಕೇಳಿ ಕೂಡಿಸಿದಳು. ೨,೯೬೭ ಬಂತು. ಕಾರ್ಯಕರ್ತರ ಫೋನುಗಳು ಹೊಸಬರೆಂದು ಕಳಿಸಿದ್ದರ ಲೆಕ್ಕ ಬೇರೆ ಕಡೆ ಇತ್ತು. ಅದು ೩,೪೧೮. ಕಾಣೆಯಾದವರು ೪೫೧.

ಫೋನುಗಳಲ್ಲಿ ಪ್ರತಿ ಇರಲಿಲ್ಲ. ಜನರ ಕಾಯಿಲೆಯ ವಿಷಯ ಯಾರ್ಯಾರದೋ ಫೋನಿನಲ್ಲಿ ಉಳಿಯಬಾರದೆಂದು, ಕಳಿಸಿದೊಡನೆ ಅಳಿಸಿಹೋಗುವಂತೆ ಅವಳೇ ಮಾಡಿದ್ದಳು. ಬ್ಯಾಕಪ್ಪು ಇತ್ತು, ಪ್ರತಿ ಭಾನುವಾರದ್ದು, ಹಳೆಯದರ ಮೇಲೆ ಹೊಸದು. ಅದರಲ್ಲೂ ೨,೯೬೭ ಮಾತ್ರ.

ತನ್ನ ಐದು ಹಟ್ಟಿಯವರನ್ನು ತಂಗಮಣಿ ಹೇಳಿಬಿಡಬಲ್ಲಳು. ಉಳಿದ ಐವತ್ತೇಳು ಹಟ್ಟಿಯನ್ನು ಹೇಳುವವರು ಯಾರು? ಉಳಿದ ಹತ್ತು ಕಾರ್ಯಕರ್ತರನ್ನು ಜೂನಿಗೆ ಮಾತ್ರ ತೆಗೆದುಕೊಂಡಿದ್ದು, ಅವರಲ್ಲಿ ಹಲವರು ಚೆದುರಿಹೋಗಿದ್ದರು. ಶುಕ್ರವಾರ ಪಟ್ಟಿ ಸೇರದಿದ್ದರೆ ಮುಂದಿನ ಬಸ್ಸು ಬರುವುದು ವರ್ಷ ಕಳೆದ ಮೇಲೆ. ಪೊರೆ ಬಲಿತ ಕಣ್ಣಿಗೆ ಒಂದು ವರ್ಷ ಎಂದರೆ ಏನು ಎಂದು ಆಸ್ಪತ್ರೆಯ ಡಾಕ್ಟರು ತರಬೇತಿಯಲ್ಲಿ ವಿವರಿಸಿದ್ದರು. ಕೆಲವಕ್ಕೆ ಏನೂ ಆಗುವುದಿಲ್ಲ. ಕೆಲವು ಒಳಗೇ ಒತ್ತಡ ಏರಿ ಹೋಗಿಬಿಡುತ್ತವೆ, ಆಮೇಲೆ ಯಾವ ಆಪರೇಷನ್ನೂ ಅವನ್ನು ತರಲಾರದು.

ಮಧ್ಯಾಹ್ನದ ಹೊತ್ತಿಗೆ ಅವಳಿಗೆ ಗೂಡಲೂರಿನ ನೆನಪಾಯಿತು.

ಈ ಡೇಟಾಬೇಸಿಗೆ ಒಂದು ಅಭ್ಯಾಸವಿದೆ. ಬರೆದದ್ದನ್ನು ಅದು ಆಗಲೇ ಹೋಗಿ ಅಳಿಸುವುದಿಲ್ಲ. ದಿನದಿನ ಬಂದದ್ದನ್ನು ಸಂಜೆ ಒಂದು ಫೈಲಿಗೆ ಇಳಿಸುತ್ತದೆ, ಮರುದಿನ ಇನ್ನೊಂದು ಫೈಲು. ಹಳೆಯ ಹಿರಿಯ ಹಳೆಯ ಫೈಲಿನಲ್ಲೇ ಇರುತ್ತಾನೆ, ಕೇಳಿದಾಗ ಮಾತ್ರ ಇತ್ತೀಚಿನವನನ್ನು ತೋರಿಸುತ್ತದೆ. ಆಮೇಲೆ ಬಿಡುವು ಸಿಕ್ಕಾಗ ಫೈಲುಗಳನ್ನೆಲ್ಲ ಸೇರಿಸಿ ಒಂದು ಮಾಡುತ್ತದೆ. ಹಾಗೆ ಸೇರಿಸುವಾಗ ಒಂದೇ ಕೀಯ ಸಾಲುಗಳಲ್ಲಿ ಕೊನೆಯದನ್ನಿಟ್ಟು ಮಿಕ್ಕದ್ದನ್ನು ಎಸೆಯುತ್ತದೆ. ಉದಕಮಂಡಲ, ಕೋತಗಿರಿ ಎರಡು ಕಡೆಯೂ ಸೇರಿಸಿ ಎಸೆದು ಆಗಿತ್ತು. ಗೂಡಲೂರಿನ ಸರ್ವರ್ ಮಾತ್ರ ಯಾರೋ ದಾನ ಕೊಟ್ಟ ಹಳೆಯ ಡಬ್ಬಿ, ಅದರ ಡಿಸ್ಕು ನಿಧಾನ. ಜೂನ್ ಒಂದರಂದೇ ಅದು ಏದುಸಿರು ಬಿಡುವುದನ್ನು ನೋಡಲಾರದೆ ನಿವೇತಾ ಈ ಸೇರಿಸುವ ಕೆಲಸವನ್ನು ಅದರಲ್ಲಿ ನಿಲ್ಲಿಸಿದ್ದಳು. ಮತ್ತೆ ಶುರು ಮಾಡಲು ಮರೆತಿದ್ದಳು. ಅಷ್ಟರಲ್ಲಿ ಜುಲೈ ಮಳೆಗೆ ಗೂಡಲೂರು ಕಡೆ ಗುಡ್ಡ ಜರಿದು ಕಂಬಗಳು ಬಿದ್ದು, ಹತ್ತೊಂಬತ್ತು ದಿನದಿಂದ ಆ ಸರ್ವರ್ ಸುದ್ದಿಯೇ ಇರಲಿಲ್ಲ. ಯಾರೂ ಅದರ ಗೋಜಿಗೆ ಹೋಗಿರಲಿಲ್ಲ, ಉಳಿದೆರಡು ನಡೆಯುತ್ತಿದ್ದವಲ್ಲ.

ಅಂದರೆ ಜೂನ್ ತಿಂಗಳ ಮೂವತ್ತು ದಿನದ ಮೂವತ್ತು ಫೈಲುಗಳು ಅಲ್ಲಿ ಹಾಗೆಯೇ ಇರಬಹುದು. ಆದರೆ ಅವಳು ನಿಲ್ಲಿಸಿದ್ದು ಯಂತ್ರ ಒಮ್ಮೆ ಆರಿ ಹೊತ್ತುವವರೆಗೆ ಮಾತ್ರ ನಿಲ್ಲುವಂಥದು. ಯಾರಾದರೂ ಸ್ವಿಚ್ಚು ಹಾಕಿದರೆ ಸರ್ವರ್ ಎದ್ದು, ಯಾರೂ ಹೇಳದೆಯೇ, ಬಾಕಿ ಬಿದ್ದ ಕೆಲಸ ನೆನಪಿಸಿಕೊಂಡು ಸೇರಿಸಲು ಶುರು ಮಾಡುತ್ತದೆ.

ಅವಳು ಟ್ರಸ್ಟಿನ ಮುಖ್ಯಸ್ಥ ಗಿರಿಧರನ್ ಅವರಿಗೆ ಫೋನು ಮಾಡಿದಳು. ಅವರು ಕೋಯಮತ್ತೂರಿನಲ್ಲಿ ಮೀಟಿಂಗಿನಲ್ಲಿದ್ದರು. ನಡೆದದ್ದು ಹೇಳಿ, ಗೂಡಲೂರಿನ ಸರ್ವರ್‌ನಲ್ಲಿ ಹಳೆಯ ಡೇಟಾ ಇದೆ ಎಂದು ಹೇಳುವಷ್ಟರಲ್ಲಿ ಲೈನು ಕಡಿಯಿತು. ಗಿರಿಧರನ್ ಒಳ್ಳೆಯ ಮನುಷ್ಯ, ಕೆಲಸದಲ್ಲಿ ಚುರುಕು. ಮುಂದಿನ ಅರ್ಧ ಮಾತು ಕೇಳಲು ಕಾಯಲಿಲ್ಲ. ಗೂಡಲೂರಿನಲ್ಲಿ ಸರ್ವರ್ ಇಟ್ಟಿದ್ದ ಕೋಣೆಯ ಮಾಲೀಕ ಮಂಜುನಾಥನಿಗೆ ಕೂಡಲೇ ಸರ್ವರ್ ಆನ್ ಮಾಡುವಂತೆ ಮೆಸೇಜು ಹಾಕಿದರು. ನಿವೇತಾ ಮತ್ತೆ ಅವರನ್ನು ಹಿಡಿಯುವಷ್ಟರಲ್ಲಿ ನಾಲ್ಕು ಗಂಟೆ. ಮಂಜುನಾಥನ ಉತ್ತರವನ್ನು ಅವರು ಸಂತೋಷದಿಂದ ಅವಳಿಗೆ ಕಳಿಸಿದರು: ಹಾಕಿದ್ದೀನಿ ಸಾರ್, ಓಡ್ತಾ ಇದೆ.

ಅವಳು ಮಂಜುನಾಥನಿಗೆ ಹದಿನಾಲ್ಕು ಸಲ ಫೋನು ಮಾಡಿದಳು. ಎತ್ತಲಿಲ್ಲ. ಆರಿಸಿ ಎಂದು ಮೆಸೇಜು ಹಾಕಿದಳು. ನೋಡಲಿಲ್ಲ. ಆ ಡಿಸ್ಕು ಎಷ್ಟು ನಿಧಾನ ಎಂದು ಅವಳಿಗೆ ಗೊತ್ತಿತ್ತು. ಮೂವತ್ತು ಫೈಲು ಸೇರಿಸಲು ಅದಕ್ಕೆ ಒಂದು ದಿನ ಹಿಡಿದರೂ ಹಿಡಿಯಬಹುದು. ಕೊನೆಯ ನಾಲ್ಕಾರು ಫೈಲಾದರೂ ಉಳಿದಿದ್ದರೆ ಸಾಕು ಎಂದು ಬುಧವಾರ ಬೆಳಗ್ಗೆ ಮೊದಲ ಗೂಡಲೂರು ಬಸ್ಸು ಹತ್ತಿದಳು.

ನಡುವಟ್ಟಂ ದಾಟಿದ ಮೇಲೆ ರಸ್ತೆಯ ಅರ್ಧ ಭಾಗ ಕೆಸರಿನ ಕೆಳಗಿತ್ತು. ಒಂದು ಕಡೆಯ ಗಾಡಿ ಬಿಟ್ಟು ಇನ್ನೊಂದು ಕಡೆಯದನ್ನು ತಡೆಯುತ್ತಿದ್ದರು. ಬಸ್ಸು ಒಂದೂವರೆ ಗಂಟೆ ನಿಂತಿತು. ಅವಳು ಲೆಕ್ಕ ಹಾಕುತ್ತ ಕೂತಳು: ಗಂಟೆಗೆ ಒಂದೂಕಾಲು ಫೈಲು ಎಂದುಕೊಂಡರೆ, ನಿನ್ನೆ ನಾಲ್ಕರಿಂದ ಇಲ್ಲಿಯವರೆಗೆ ಇಪ್ಪತ್ತೊಂದು. ಪಕ್ಕದಲ್ಲಿ ಕೂತಿದ್ದ ಹೆಂಗಸು ಯಾರಿಗೆ ಹುಷಾರಿಲ್ಲ ಎಂದು ತಮಿಳಿನಲ್ಲಿ ಕೇಳಿ, ಉತ್ತರಕ್ಕೆ ಕಾಯದೆ ಒಂದು ಕಿತ್ತಳೆ ಕೊಟ್ಟಳು. ನಿವೇತಾ ತಿಂದಳು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ ಎಂಬುದು ಆಗ ಗೊತ್ತಾಯಿತು.

ಮಂಜುನಾಥನದು ತಾತನ ಕಾಲಕ್ಕೆ ಗುಂಡ್ಲುಪೇಟೆ ಕಡೆಯಿಂದ ಬಂದು ಗೂಡಲೂರಿನಲ್ಲಿ ನೆಲೆ ನಿಂತ ಮನೆತನ. ಪೇಟೆಯ ತುದಿಯಲ್ಲಿ ಕೋಳಿ ಆಹಾರ, ಬಿತ್ತನೆ ಬೀಜದ ಅಂಗಡಿ. ಮಹಡಿಯ ಕೋಣೆಯನ್ನು ಟ್ರಸ್ಟಿಗೆ ಬಾಡಿಗೆಗೆ ಕೊಟ್ಟಿದ್ದ. ನಿವೇತಾ ಬಂದದ್ದನ್ನು ಕಂಡು ಅವನು ತಕ್ಕಡಿಯನ್ನು ಅಲ್ಲೇ ಬಿಟ್ಟು, ಕೈ ಒರೆಸಿಕೊಂಡು ಎದ್ದು ನಿಂತ. ಟೀ ತರಿಸಲಾ ಎಂದ. ಮಳೆಯ ವಿಷಯ ತೆಗೆದ. ರಸ್ತೆಯ ವಿಷಯ ತೆಗೆದ. ಅವಳು ಸೀದಾ ಮೆಟ್ಟಿಲು ಹತ್ತಿದಳು. ಅವನು ಹಿಂದೆಯೇ ಬಂದ.

ಬಾಗಿಲು ತೆರೆದರೆ ಕೋಳಿಮರಿಗಳ ಚಿಲಿಪಿಲಿ. ನೆಲದ ಮೇಲೆ ನಾಲ್ಕು ಅಗಲವಾದ ರಟ್ಟಿನ ಪೆಟ್ಟಿಗೆ, ಪ್ರತಿಯೊಂದರ ಮೇಲೂ ತೂಗುಹಾಕಿದ ಹಳದಿ ಬಲ್ಬು, ಬಲ್ಬಿನ ಕೆಳಗೆ ಒತ್ತಿಕೊಂಡು ಕೂತ ನೂರಾರು ಮರಿಗಳು. ಬಲ್ಬುಗಳ ತಂತಿ ಸರ್ವರ್‌ಗೆಂದು ಟ್ರಸ್ಟು ಕೊಡಿಸಿದ್ದ ಯುಪಿಎಸ್ ಬ್ಯಾಟರಿಗೆ ಹೋಗಿತ್ತು. ಸರ್ವರ್ ಮೂಲೆಯಲ್ಲಿ, ಪ್ಲಗ್ಗು ಕಿತ್ತ ಸ್ಥಿತಿಯಲ್ಲಿ, ಖಾಲಿ ಮೂಟೆ ಹೊದ್ದು ಕೂತಿತ್ತು. ಮೂಟೆಯ ಮೇಲೆ ತೆಳ್ಳಗೆ ತೌಡಿನ ಧೂಳು.

"ಬೈಯ್ಯೋದಿದ್ರೆ ಇಲ್ಲೇ ಬೈದ್ಬುಡಿ ನಿವೇತಮ್ಮ," ಎಂದ ಮಂಜುನಾಥ. "ಗಿರಿಧರನ್ ಸಾರ್‌ಗೆ ಮಾತ್ರ ಹೇಳ್ಬೇಡಿ."

"ಯಾವತ್ತಿಂದ ಆರಿದೆ?"

"ಗುಡ್ಡ ಜರೀತಲ್ಲ, ಅವತ್ತಿಂದ. ಕರೆಂಟು ದಿನಕ್ಕೆ ನಾಕು ಗಂಟೆ ಬಂದ್ರೆ ಹೆಚ್ಚು. ಮುನ್ನೂರು ಮರಿ ಬಂದು ಇಳಿದಿದ್ವು. ಚಳಿಗೆ ಒಂದರ ಮೇಲೊಂದು ಬಿದ್ದು ಸಾಯ್ತವೆ ಕಣಮ್ಮ. ನಿಮ್ ಡಬ್ಬಿ ಚಳಿಗೆ ಸಾಯಾಕಿಲ್ಲ ಅಂತ..."

"ನಿನ್ನೆ ಹಾಕಿದ್ದೀನಿ ಅಂದಿರಲ್ಲ."

"ಸುಳ್ಳು ಹೇಳ್ದೆ. ಇನ್ನೊಂದೆರಡು ದಿನ ಹೋದ್ರೆ ಮರಿ ಗಟ್ಟಿಯಾಯ್ತವೆ, ಆಮೇಲೆ ಹಾಕುವಾ ಅಂತ. ನೀವು ಫೋನ್ ಮೇಲೆ ಫೋನ್ ಮಾಡಿದ್ರಿ, ಸಿಕ್ಕಾಕ್ಕೊಂಡೆ ಅಂತ ಎತ್ತಲಿಲ್ಲ."

"ಮಧ್ಯದಲ್ಲಿ ಒಂದು ಸಲವೂ ಹಾಕಿಲ್ಲವಾ? ಸುಮ್ಮನೆ ನೋಡೋಣ ಅಂತಲೂ?"

"ನಮ್ಮ ತಾಯಾಣೆ ಇಲ್ಲ."

ನಿವೇತಾ ಅಲ್ಲಿದ್ದ ಆಹಾರದ ಮೂಟೆಯ ಮೇಲೆ ಕೂತಳು.

"ಮಂಜಣ್ಣ, ನೀವು ಮಾಡಿದ ಉಪಕಾರ ನಾನು ಮರೆಯೋದಿಲ್ಲ."

ಮಂಜುನಾಥನ ಮುಖ ಇನ್ನಷ್ಟು ಸಣ್ಣದಾಯಿತು. "ಹಿಂಗೆ ಕುಟುಕೋದಕ್ಕಿಂತ ಎರಡೇಟು ಹಾಕ್ಬುಡಿ," ಎಂದ.

ಕುಟುಕುತ್ತಿಲ್ಲ ಎಂದು ಅವನನ್ನು ನಂಬಿಸಲು ಅವಳಿಗೆ ಹತ್ತು ನಿಮಿಷ ಹಿಡಿಯಿತು. ನಂಬಿದ ಮೇಲೆ ಅವನು ಸುಮ್ಮನಿರುವ ಪೈಕಿ ಆಗಿರಲಿಲ್ಲ. ಮೊದಲೇ ಹೇಳಿದ್ದರೆ ಆ ಡಬ್ಬಿಯನ್ನು ಇಲ್ಲಿಂದ ಅಂಗಡಿಗೆ ಸಾಗಿಸಿ ಮರಿಗಳಿಗೆ ಇನ್ನೂ ಜಾಗ ಮಾಡಿಕೊಳ್ಳುತ್ತಿದ್ದೆ ಎಂದ.

ಅವಳು ಸರ್ವರ್ ಹೊತ್ತಿಸಲಿಲ್ಲ. ಸ್ಕ್ರೂ ಬಿಚ್ಚಿ ಡಿಸ್ಕನ್ನು ಹೊರಗೆ ತೆಗೆದು, ಕೇಬಲ್ಲಿನಿಂದ ತನ್ನ ಲ್ಯಾಪ್‌ಟಾಪಿಗೆ ಸೇರಿಸಿದಳು. ಡಿಸ್ಕಿಗೆ ಏನನ್ನೂ ಬರೆಯದಂತೆ, ಬರೀ ಓದುವಂತೆ ಮಾಡಿದಳು. ಫೋಲ್ಡರು ತೆರೆದಳು. ಫೈಲುಗಳು ಇದ್ದವು. ಒಂದೊಂದಾಗಿ ತಾರೀಕು ಓದಿದಳು, ಜೂನ್ ಒಂದು, ಎರಡು, ಮೂರು. ಮೂವತ್ತರವರೆಗೂ ಇದ್ದವು.

ನಕಲು ತೆಗೆಯಲು ಹಚ್ಚಿದರೆ ಮೂರು ಗಂಟೆ ಎಂದು ತೋರಿಸಿತು. ಲ್ಯಾಪ್‌ಟಾಪಿನ ಬ್ಯಾಟರಿ ಒಂದು ಗಂಟೆಯದ್ದು. ಕರೆಂಟು ಇರಲಿಲ್ಲ. ಅವಳು ಯುಪಿಎಸ್ ಕಡೆ ನೋಡಿದಳು, ಮಂಜುನಾಥ ಮರಿಗಳ ಕಡೆ ನೋಡಿದ. ಅವನೇ ಹೋಗಿ ಎರಡು ಬಲ್ಬಿನ ತಂತಿ ಕಿತ್ತು, ಲ್ಯಾಪ್‌ಟಾಪಿನ ತಂತಿ ಸಿಕ್ಕಿಸಿದ. ಆಮೇಲೆ ನಾಲ್ಕು ಪೆಟ್ಟಿಗೆಯ ಮರಿಗಳನ್ನು ಕೈಯಾರೆ ಎರಡು ಪೆಟ್ಟಿಗೆಗೆ ತುಂಬಿ, ಸುತ್ತ ಗೋಣಿಚೀಲ ಕಟ್ಟಿ, ಕೆಳಗಿನಿಂದ ಹೆಂಡತಿಯ ಕಂಬಳಿ ತಂದು ಮೇಲೆ ಅರ್ಧ ಮುಚ್ಚಿದ. ಮೂರು ಗಂಟೆಯೂ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು, ರಾಶಿ ಬಿದ್ದ ಮರಿಗಳನ್ನು ಬೆರಳಿನಿಂದ ಬಿಡಿಸುತ್ತಿದ್ದ. ನಡುವೆ ಒಮ್ಮೆ, ಇಷ್ಟೆಲ್ಲ ಯಾರಿಗೋಸ್ಕರ ಎಂದು ಕೇಳಿದ. ಅವಳು ಇತ್ತಲಾರಿನ ಸಾಲುಗಳನ್ನು ಬಿಚ್ಚಿ ತೋರಿಸಿದಳು. ಜೂನ್ ನಾಲ್ಕರ ಫೈಲಿನಲ್ಲಿ ಒಬ್ಬ ಹಿರಿಯ, ಎರಡೂ ಕಣ್ಣು. ಹನ್ನೊಂದರ ಫೈಲಿನಲ್ಲಿ ಒಬ್ಬ, ಬಲಗಣ್ಣು, ಎಡಗಣ್ಣು ಮೊದಲೇ ಇಲ್ಲ. ಹತ್ತೊಂಬತ್ತರಲ್ಲಿ ಒಬ್ಬ, ಪೊರೆ ಇಲ್ಲ. ಇಪ್ಪತ್ತಾರರಲ್ಲಿ ಒಬ್ಬ, ಎಡಗಣ್ಣು. ನಾಲ್ವರೂ ಬೆಳ್ಳನ ಮಕ್ಕಳು.

"ಈ ಹನ್ನೊಂದನೇ ತಾರೀಕಿನವನಿಗೆ ಇರೋದೇ ಒಂದ್ ಕಣ್ಣಾ?" ಎಂದ ಮಂಜುನಾಥ. ಹೌದೆಂದಳು. ಅವನು ಕಂಬಳಿ ಸರಿಮಾಡಿದ.

ನಕಲು ಮುಗಿದು ಕೊನೆಯ ಫೈಲನ್ನು ತಾಳೆ ನೋಡಿದಾಗ ಮೂರೂವರೆ. ಕೂಡಲೇ ಬಲ್ಬುಗಳನ್ನು ಸಿಕ್ಕಿಸಿದರು. ಅವಳು ಹೊರಡುವಾಗ ಮಂಜುನಾಥ ಬಸ್‌ಸ್ಟ್ಯಾಂಡಿನವರೆಗೆ ಸ್ಕೂಟರಿನಲ್ಲಿ ಬಿಟ್ಟ. ಮರಿಗಳ ವಿಷಯ ಗಿರಿಧರನ್‌ಗೆ ತಾನೇ ಹೇಳುತ್ತೇನೆ, ಆದರೆ ಬೇರೆ ತರಹ ಹೇಳುತ್ತೇನೆ ಎಂದು ಅವಳು ಮಾತು ಕೊಟ್ಟಳು. ಆ ಮಾತನ್ನು ಉಳಿಸಿಕೊಂಡಳು.

ಅರ್ಧ ಕೆಲಸ ಮಾತ್ರ ಆಗಿತ್ತು. ಹಳೆಯ ಫೈಲುಗಳಲ್ಲಿ ಕಣ್ಣುಗಳು ಸಿಕ್ಕಿದವು, ಯಾರ ಕಣ್ಣು ಎಂಬುದು ಸಿಗಲಿಲ್ಲ. ಹೆಸರು ಎಲ್ಲದಕ್ಕೂ ಒಂದೇ. ಹನ್ನೊಂದನೇ ತಾರೀಕಿನ ಹಿರಿಯ ಯಾವ ಹಿರಿಯ ಎಂದು ಹೇಳಲು ಅಂದು ಯಾರ ಮನೆಗೆ ಹೋಗಿದ್ದೆವು ಎಂಬ ನೆನಪಿರುವ ಮನುಷ್ಯರೇ ಬೇಕು. ಹನ್ನೊಂದು ಕಾರ್ಯಕರ್ತರಿಗೂ ಗುರುವಾರ ಬೆಳಗ್ಗೆಯಿಂದ ಒಬ್ಬೊಬ್ಬರಿಗಾಗಿ ಫೋನು ಮಾಡಿದಳು. ರಾಜ್‌ಕುಮಾರ್ ತಿರುಪ್ಪೂರಿನ ಬನಿಯನ್ ಕಾರ್ಖಾನೆಯಲ್ಲಿ ಸೇರಿದ್ದ. ಸೂಪರ್‌ವೈಸರನ ಕಣ್ಣು ತಪ್ಪಿಸಿ ಪಾಯಿಖಾನೆಯಲ್ಲಿ ನಿಂತು ಆರು ಹಟ್ಟಿಯ ಹೆಸರು ಹೇಳಿದ. ಸೆಂಥಿಲ್ ಕೋತಗಿರಿಯ ಎಲೆ ಕಾರ್ಖಾನೆಯಲ್ಲಿದ್ದ, ಊಟದ ಬಿಡುವಿನಲ್ಲಿ ಊಟ ಬಿಟ್ಟು ಮಾತಾಡಿದ. ಯಾರೂ, ಕೆಲಸ ಮುಗಿದಿದೆ ನಮಗೇನು, ಎನ್ನಲಿಲ್ಲ. ನಿವೇತಾ ಅಂಥ ಮಾತಿಗೆ ಸಿದ್ಧವಾಗಿಯೇ ಫೋನು ಮಾಡಿದ್ದಳು. ಪ್ರತಿ ಸಲ ಫೋನಿಟ್ಟಾಗಲೂ, ಇವರಿಗೆ ಜೂನಿನಲ್ಲಿ ಟೀ ಖರ್ಚಿನ ಚೀಟಿ ಕೇಳಿ ಗೋಳು ಹೊಯ್ದುಕೊಂಡಿದ್ದು ನೆನಪಾಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ಹೇಳಿದವಳು ತಂಗಮಣಿ. ಅವಳು ತಾರೀಕಿನಿಂದ ಹೇಳಲಿಲ್ಲ. ಅಂದು ಯಾರ ಮನೆಯಲ್ಲಿ ಏನು ಉಣ್ಣಲು ಕೊಟ್ಟರು ಎಂಬುದರಿಂದ ಹೇಳಿದಳು. ಹನ್ನೊಂದನೇ ತಾರೀಕು ಎಂದರೆ ಅವರೆಕಾಳು ಹುದುಕ, ಅದು ಮೇಲ್ಮನೆ. ನಾಲ್ಕನೇ ತಾರೀಕು ಬರೀ ಕಪ್ಪು ಚಾ, ಅದು ಕ್ಯಾರೆಟ್ ಹಿರಿಯ, ಜಿಪುಣ. ಹೀಗೆ ತನ್ನ ಐದು ಹಟ್ಟಿಯನ್ನೂ ಹೇಳಿ ಮುಗಿಸಿದಳು.

ಸಂಜೆಗೆ ಮುಂಚೆ ಇತ್ತಲಾರಿಗೆ ಹೋಗಿ ಬಂದಳು ನಿವೇತಾ. ಮೇಲ್ಮನೆ ಹಿರಿಯನಿಗೆ ಎಪ್ಪತ್ತಾರೋ ಎಂಬತ್ತೋ. ಜಗಲಿಯಲ್ಲಿ ಆಲೂಗಡ್ಡೆಯನ್ನು ಬೆರಳಿನಿಂದ ತಡವಿ ದೊಡ್ಡದು ಸಣ್ಣದು ಬೇರೆ ಮಾಡುತ್ತಿದ್ದ. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ನಿಮ್ಮ ಹೆಸರು ಪಟ್ಟಿಯಿಂದ ಬಿದ್ದುಹೋಗಿತ್ತು, ಬೀಳಿಸಿದವಳು ನಾನೇ, ಈಗ ಸಿಕ್ಕಿದೆ, ಬಸ್ಸು ಹತ್ತನೇ ತಾರೀಕು.

"ಮಿಕ್ಕ ಮೂವರದು?" ಎಂದ ಹಿರಿಯ.

"ಅವೂ ಸಿಕ್ಕಿದವು ಅಜ್ಜ."

"ಕ್ಯಾರೆಟ್‌ನವನದೂ ಸಿಕ್ಕಿತಾ? ಅವನದು ಸಿಗದಿದ್ದರೂ ನಡೆಯುತ್ತಿತ್ತು." ಅವನು ನಗಲಿಲ್ಲ. ತಡವಿ ತಡವಿ ದೊಡ್ಡ ಆಲೂಗಡ್ಡೆಗಳನ್ನೇ ಆರಿಸಿ ಒಂದು ಚೀಲಕ್ಕೆ ಹಾಕಿ ಅವಳ ಕಡೆ ನೂಕಿದ. "ನೀ ಹೇಳದೆಯೂ ಇರಬಹುದಿತ್ತು. ಹೇಳಿದೆ. ತಕ್ಕೊಂಡು ಹೋಗು ಕೂಸು."

ತಾನು ಕಳೆದದ್ದನ್ನು ತಾನೇ ಹುಡುಕಿದ್ದಕ್ಕೆ ಆಲೂಗಡ್ಡೆ ಪಡೆಯುವುದು ನ್ಯಾಯವಲ್ಲ ಎಂದು ಅವಳಿಗೆ ಅನ್ನಿಸಿತು. ಆದರೂ ಬೇಡ ಎನ್ನುವುದು ಇನ್ನೂ ಒರಟು. ಚೀಲ ಭಾರವಿತ್ತು, ಬಸ್‌ಸ್ಟಾಪಿನವರೆಗೆ ಎರಡು ಸಲ ಕೈ ಬದಲಾಯಿಸಿದಳು.

ಗೂಡಲೂರಿನ ಡಿಸ್ಕು ೪೫೧ ಜನರಲ್ಲಿ ೩೯೮ ಜನರನ್ನು ವಾಪಸು ಕೊಟ್ಟಿತು. ಮಿಕ್ಕ ೫೩ ಅದರಲ್ಲೂ ಇರಲಿಲ್ಲ. ಒಂದೇ ಹಟ್ಟಿಯಲ್ಲಿ, ಒಂದೇ ಹೆಸರಿನ ಇಬ್ಬರು, ಒಂದೇ ದಿನ ಪರೀಕ್ಷೆಗೆ ಬಂದಿದ್ದರೆ ಅಂಥವರು ಸಂಜೆ ಫೈಲಿಗೆ ಇಳಿಯುವ ಮೊದಲೇ ಒಬ್ಬರಾಗಿಬಿಟ್ಟಿದ್ದರು. ಅವರಿಗಾಗಿ ತಂಗಮಣಿ ಶುಕ್ರವಾರ ಬೆಳಕು ಹರಿಯುವ ಮೊದಲೇ ಹೊರಟಳು. ಊರಿನಲ್ಲೇ ಇದ್ದ ಇನ್ನು ನಾಲ್ವರು ಕಾರ್ಯಕರ್ತರೂ, ಯಾರೂ ಕೇಳದೆ, ಟಾರ್ಚು ಹಿಡಿದು ಹೊರಟರು. ಮಧ್ಯಾಹ್ನದ ಹೊತ್ತಿಗೆ ೪೧ ಜನರನ್ನು ಮನೆಗೆ ಹೋಗಿ ಹುಡುಕಿ, ಮತ್ತೆ ಕಣ್ಣು ನೋಡಿ, ಫೋನಿನಲ್ಲಿ ಓದಿ ಹೇಳಿದರು. ನಿವೇತಾ ಕೈಯಿಂದ ಕಾಗದದ ಮೇಲೆ ಬರೆದುಕೊಂಡಳು. ಕೀಬೋರ್ಡಿನ ಮೇಲೆ ಅಂದು ಅವಳಿಗೆ ಭರವಸೆ ಇರಲಿಲ್ಲ.

ನಾಲ್ಕು ಗಂಟೆಗೆ ಪಟ್ಟಿ ಆಸ್ಪತ್ರೆಗೆ ಹೋಯಿತು. ಹೊಸದಾಗಿ ಸೇರಿದವರಲ್ಲಿ ಆಪರೇಷನ್ ಬೇಕಾದವರು ೧೧೮. ಗಿರಿಧರನ್ ಏನಾಯಿತು, ಹೇಗಾಯಿತು ಎಂದು ಒಂದು ಪುಟದಲ್ಲಿ ಬರೆದುಕೊಡಲು ಹೇಳಿದರು. ಅವಳು ಬರೆದಳು. ತಪ್ಪು ತನ್ನದೆಂದು ಮೊದಲ ಸಾಲಿನಲ್ಲೇ ಬರೆದಳು. ಸರಿಯಾದದ್ದು ಯಾರ್ಯಾರಿಂದ ಎಂದು ಹೆಸರು ಹಿಡಿದು ಬರೆದಳು. ಅದೇ ಉದ್ದವಾಯಿತು, ಹನ್ನೆರಡು ಹೆಸರು, ಎರಡನೆಯ ಪುಟಕ್ಕೆ ಹೋಯಿತು. ಕೊನೆಯಲ್ಲಿ ಗಿರಿಧರನ್ ಕೇಳಿದ್ದ ಲೆಕ್ಕ.

ಪರೀಕ್ಷೆ ಮಾಡಿದವರು ೩,೪೧೮. ಸಿಕ್ಕವರು ೩,೪೦೬. ಸಿಗದವರು ೧೨.